ಇಳಿಸಿದ ಬಲ್ಬು ತಿಪ್ಪೆಗೆ ಬೇಡ

(ಲಕ್ಕುಂಡಿಯಲ್ಲಿ ಹಾಲು ಉತ್ಪಾದಕ ಸದಸ್ಯರ ಸಭೆಯಲ್ಲಿ ಪಶುವೈದ್ಯ ವಿಸ್ತರಣಾಧಿಕಾರಿಗಳು ಮಾಡಿದ ಭಾಷಣ)



ಪಶುವೈದ್ಯರು ಮಾತನಾಡಲು ನಿಂತರೆಂದರೆ ಕಾಲುಬಾಯಿ ಬೇನೆ, ಕೆಚ್ಚಲು ಬಾವು, ಕೃತಕ ಗರ್ಭಧಾರಣೆ, ಖನಿಜ ಮಿಶ್ರಣ ಇವುಗಳ ಮಾತೇ ಬರುತ್ತದೆಂದು ತಾವು ಎಣಿಸಿರಬಹುದು. ಇಂದು ನಾನು ದನದ ಮನೆಯಲ್ಲಿ ತೂಗುಹಾಕಿದ ಬಲ್ಬಿನ ಬಗ್ಗೆ ನಾಲ್ಕು ಮಾತು ಹೇಳಬೇಕೆಂದಿದ್ದೇನೆ. "ದನದ ಡಾಕ್ಟರಿಗೂ ಬಲ್ಬಿಗೂ ಏನ್ ಸಂಬಂಧರೀ?" ಎಂದು ಯಾರಾದರೂ ಕೇಳಿದರೆ ತಪ್ಪಿಲ್ಲ. ಸಂಬಂಧವಿದೆ. ನಸುಕಿನಲ್ಲಿ ಎದ್ದು ಹಾಲು ಕರೆಯುವುದು ಅದೇ ಬಲ್ಬಿನ ಕೆಳಗೆ. ಅದರ ಕೆಳಗೇ ಗೋದಲಿ ಇದೆ, ಹಾಲಿನ ಪಾತ್ರೆ ಇದೆ, ಕರು ಇದೆ. ಹೋಲ್ಡರಿನಲ್ಲಿರುವ ತನಕ ಬಲ್ಬಿನಿಂದ ಹೆಚ್ಚಿನ ಭಯವಿಲ್ಲ. ಅದನ್ನು ಇಳಿಸಿದ ದಿನ, ಒಡೆದ ದಿನ, ಬಿಸಾಡಿದ ದಿನ ಅದರ ಉಪದ್ರವ ಶುರುವಾಗುತ್ತದೆ. ಇವತ್ತು ನಾನು ಹೇಳಬೇಕಾದ ಮುಖ್ಯ ಮಾತು ಇಷ್ಟೇ.

ಈ ಮಾತನ್ನು ಈಗಲೇ ಏಕೆ ಹೇಳಬೇಕೆಂದರೆ, ಇದು ಹಳೆಯ ಬಲ್ಬುಗಳನ್ನು ಇಳಿಸುವ ಕಾಲ. ಬಹಳಷ್ಟು ಮನೆಗಳಿಗೆ ಎಲ್‌ಇಡಿ ಬಂದಿದೆ. ಸುರುಳಿ ಸುರುಳಿಯಾದ ಸಿಎಫ್‌ಎಲ್ ಬಲ್ಬುಗಳು, ಉದ್ದನೆಯ ಟ್ಯೂಬ್‌ಲೈಟುಗಳು ಒಂದೊಂದಾಗಿ ಸುಟ್ಟು ಕೆಳಗಿಳಿಯುತ್ತಿವೆ. ಕೆಲವು ಗೋಡೆಯ ಮಾಡದಲ್ಲಿವೆ, ಕೆಲವು ಹೊಟ್ಟಿನ ಚೀಲದ ಹಿಂದೆ ಒರಗಿವೆ, ಕೆಲವು ಆಗಲೇ ತಿಪ್ಪೆ ಸೇರಿವೆ.

ಗುಂಡು ಬಲ್ಬಿನಿಂದ ಎಲ್‌ಇಡಿವರೆಗೆ

ಮೊದಲು ನಮ್ಮೆಲ್ಲರ ಮನೆಯಲ್ಲಿ ಗುಂಡು ಬಲ್ಬು ಇತ್ತು. ಅದು ಬೆಳಕಿಗಿಂತ ಹೆಚ್ಚಾಗಿ ಕಾವನ್ನೇ ಕೊಡುತ್ತಿತ್ತು. ತಿಂದ ಕರೆಂಟಿನಲ್ಲಿ ನೂರಕ್ಕೆ ಹತ್ತು ಪಾಲೂ ಬೆಳಕಾಗುತ್ತಿರಲಿಲ್ಲ. ಆಮೇಲೆ ಸಿಎಫ್‌ಎಲ್ ಬಂತು. ನಮ್ಮ ರಾಜ್ಯದಲ್ಲಿ ಬೆಂಗಳೂರು ವಿದ್ಯುತ್ ಕಂಪನಿಯವರು 2004ರಲ್ಲಿಯೇ ಇಂಥ ಬಲ್ಬುಗಳನ್ನು ಗ್ರಾಹಕರಿಗೆ ತಲುಪಿಸುವ ಯೋಜನೆ ಹಾಕಿದರು. 2009ರಲ್ಲಿ ಕೇಂದ್ರ ಸರ್ಕಾರದ 'ಬಚತ್ ಲ್ಯಾಂಪ್ ಯೋಜನೆ' ಬಂತು. ಹಳೆಯ ಗುಂಡು ಬಲ್ಬು ಕೊಟ್ಟರೆ ಅದೇ ಬೆಲೆಗೆ, ಅಂದರೆ ಸುಮಾರು 15 ರೂಪಾಯಿಗೆ, ಸಿಎಫ್‌ಎಲ್ ಕೊಡುವುದು ಅದರ ಉದ್ದೇಶ. 2015ರಲ್ಲಿ ಎಲ್‌ಇಡಿ ಕಾಲ ಬಂತು. ಆ ವರ್ಷದ ಡಿಸೆಂಬರಿನಲ್ಲಿ ನಮ್ಮ ರಾಜ್ಯದಲ್ಲಿ 'ಹೊಸ ಬೆಳಕು' ಎಂಬ ಹೆಸರಿನಿಂದ 9 ವ್ಯಾಟಿನ ಎಲ್‌ಇಡಿ ಬಲ್ಬುಗಳನ್ನು 100 ರೂಪಾಯಿಗೆ ಕೊಡುವ ಯೋಜನೆ ಆರಂಭವಾಯಿತು.

ಲೆಕ್ಕ ನೋಡಿರಿ. ದನದ ಮನೆಯ ದೀಪ ದಿನಕ್ಕೆ 5 ತಾಸು ಉರಿಯಿತೆನ್ನೋಣ. 60 ವ್ಯಾಟಿನ ಗುಂಡು ಬಲ್ಬು ತಿಂಗಳಿಗೆ 9 ಯೂನಿಟ್ ತಿನ್ನುತ್ತದೆ. ಅಷ್ಟೇ ಬೆಳಕಿಗೆ 14 ವ್ಯಾಟಿನ ಸಿಎಫ್‌ಎಲ್‌ಗೆ ಸುಮಾರು 2 ಯೂನಿಟ್ ಸಾಕು. 9 ವ್ಯಾಟಿನ ಎಲ್‌ಇಡಿಗೆ ಒಂದೂವರೆ ಯೂನಿಟ್ ಕೂಡ ಬೇಡ. ಅಲ್ಲದೆ ಗುಂಡು ಬಲ್ಬು ಕೈ ಸುಡುವಷ್ಟು ಕಾಯುತ್ತದೆ. ಜೇಡರ ಬಲೆ, ಹೊಟ್ಟಿನ ಧೂಳು, ಒಣ ಕಣಕಿ ತುಂಬಿದ ಜಾಗದಲ್ಲಿ ಅದು ಬೆಂಕಿಗೆ ಕರೆ ಕೊಟ್ಟಂತೆ. ಆದ್ದರಿಂದ ಉಳಿತಾಯದ ಬಲ್ಬಿಗೆ ಬದಲಾದವರು ತಿಳಿವಳಿಕೆಯ ಕೆಲಸವನ್ನೇ ಮಾಡಿದ್ದೀರಿ.

ಬಲ್ಬಿನೊಳಗೆ ಏನಿದೆ?

ಸಿಎಫ್‌ಎಲ್ ಎಂದರೆ ಮಡಚಿ ಸಣ್ಣದು ಮಾಡಿದ ಟ್ಯೂಬ್‌ಲೈಟೇ. ಎರಡರ ಕೆಲಸವೂ ಒಂದೇ ರೀತಿ. ಗಾಜಿನ ಕೊಳವೆಯೊಳಗೆ ತುಸು ಪಾದರಸ ಇರುತ್ತದೆ. ಕರೆಂಟ್ ಹರಿದಾಗ ಅದರ ಆವಿಯಿಂದ ಕಣ್ಣಿಗೆ ಕಾಣದ ನೇರಳಾತೀತ ಕಿರಣ ಹೊರಡುತ್ತದೆ. ಗಾಜಿನ ಒಳಮೈಗೆ ಬಳಿದ ಬಿಳಿ ಪುಡಿ ಆ ಕಿರಣವನ್ನು ಹೀರಿ ನಮಗೆ ಕಾಣುವ ಬೆಳಕನ್ನು ಕೊಡುತ್ತದೆ. ಪಾದರಸ ಇಲ್ಲದಿದ್ದರೆ ಸಿಎಫ್‌ಎಲ್ ಉರಿಯುವುದೇ ಇಲ್ಲ. ಆದರೆ ಎಲ್‌ಇಡಿಯಲ್ಲಿ ಪಾದರಸ ಇಲ್ಲ. ಈ ವ್ಯತ್ಯಾಸವನ್ನು ತಾವು ನೆನಪಿನಲ್ಲಿಡಬೇಕು.

ಪಾದರಸ ಎಷ್ಟಿರುತ್ತದೆ? ಒಂದು ಸಾಧಾರಣ ಸಿಎಫ್‌ಎಲ್‌ನಲ್ಲಿ ಸುಮಾರು 3ರಿಂದ 5 ಮಿಲಿಗ್ರಾಂ. ಅಂದರೆ ಬಾಲ್ ಪೆನ್ನಿನ ಮೊನೆಯ ಮೇಲೆ ನಿಲ್ಲುವಷ್ಟು. ಹಳೆಯ ಬಲ್ಬುಗಳಲ್ಲಿ, ಗುಣಮಟ್ಟವಿಲ್ಲದವುಗಳಲ್ಲಿ ಇದಕ್ಕಿಂತ ಹೆಚ್ಚು ಇರಬಹುದು. ಹಳೆಯ ಉದ್ದನೆಯ ಟ್ಯೂಬ್‌ಲೈಟಿನಲ್ಲಿಯೂ ಹೆಚ್ಚೇ.

ಎಷ್ಟು ಹೆದರಬೇಕು?

ಹಳ್ಳಿಗಳಿಗೆ ಹೋದಾಗ ಎರಡು ಬಗೆಯ ಮಾತು ಕೇಳುತ್ತೇವೆ. ಕೆಲವರು "ಆ ಬಲ್ಬ್ ಒಡೆದ್ರ ವಿಷದ ಗಾಳಿ ಬರತದಂತ್ರೀ, ದನಾ ಸತ್ತ ಹೋಗತಾವಂತ" ಎನ್ನುತ್ತಾರೆ. ಇನ್ನು ಕೆಲವರು "ಏನೂ ಆಗೂದಿಲ್ಲ ಬಿಡ್ರಿ, ನಾವು ಎಷ್ಟ್ ಒಡೆದೇವಿ" ಎನ್ನುತ್ತಾರೆ. ಎರಡೂ ಪೂರ್ತಿ ಸರಿಯಲ್ಲ.

ಒಂದು ಬಲ್ಬು ಒಡೆದರೆ ಎಮ್ಮೆ ಸಾಯುವುದಿಲ್ಲ, ಹಾಲು ವಿಷವಾಗುವುದಿಲ್ಲ. ಬಾಗಿಲು ತೆರೆದು ಗಾಳಿಯಾಡಲು ಬಿಟ್ಟು, ಚೂರುಗಳನ್ನು ಸರಿಯಾಗಿ ತೆಗೆದರೆ ಮನೆಯವರಿಗೂ ಅಪಾಯವಾಗುವ ಸಂಭವ ತೀರ ಕಡಿಮೆ. ಹೆದರಿ ಓಡುವ ಅಗತ್ಯವಿಲ್ಲ.

ಆದರೆ ಪಾದರಸಕ್ಕೆ ಒಂದು ಗುಣವಿದೆ. ಸಗಣಿ ಕೊಳೆತು ಗೊಬ್ಬರವಾಗುತ್ತದೆ, ಕಾಗದ ಕರಗುತ್ತದೆ, ಕಬ್ಬಿಣ ತುಕ್ಕು ಹಿಡಿದು ಮಣ್ಣಾಗುತ್ತದೆ. ಪಾದರಸ ಮೂಲಧಾತು. ಅದು ಕೊಳೆಯುವುದಿಲ್ಲ, ಸುಟ್ಟರೆ ನಾಶವಾಗುವುದಿಲ್ಲ. ಸುಟ್ಟರೆ ಆವಿಯಾಗಿ ಗಾಳಿಗೆ ಸೇರುತ್ತದೆ, ಮಳೆಯೊಂದಿಗೆ ಮತ್ತೆ ನೆಲಕ್ಕಿಳಿಯುತ್ತದೆ. ಒಮ್ಮೆ ನೆಲ, ನೀರು ಸೇರಿದರೆ ಮರಳಿ ತೆಗೆಯುವುದು ಆಗದ ಮಾತು. ಹನಿ ಹನಿ ಕೂಡಿದರೆ ಹಳ್ಳ, ತೆನೆ ತೆನೆ ಕೂಡಿದರೆ ಬಳ್ಳ ಎಂಬ ಗಾದೆ ಒಳ್ಳೆಯದಕ್ಕೂ ಸಲ್ಲುತ್ತದೆ, ಕೆಟ್ಟದ್ದಕ್ಕೂ ಸಲ್ಲುತ್ತದೆ. ಸಾವಿರ ಮನೆಯ ಒಂದು ಊರಿನಲ್ಲಿ ಮನೆಗೆ ಮೂರರಂತೆ ಬಲ್ಬು ಬಿಸಾಡಿದರೆಂದು ಇಟ್ಟುಕೊಳ್ಳಿರಿ. ಒಂದರಲ್ಲಿ 4 ಮಿಲಿಗ್ರಾಂ ಎಂದರೂ 12 ಗ್ರಾಂ ಪಾದರಸ ಆ ಊರಿನ ತಿಪ್ಪೆ, ಹಳ್ಳ, ಬಾವಿಗಳ ಪಾಲಾದಂತಾಯಿತು.

ಹಾಗಾದರೆ ಸಿಎಫ್‌ಎಲ್ ತಂದದ್ದೇ ತಪ್ಪೇ? ಇಲ್ಲ. ಕಲ್ಲಿದ್ದಲಿನಲ್ಲಿಯೂ ಪಾದರಸದ ಅಂಶ ಇರುತ್ತದೆ, ಸುಟ್ಟಾಗ ಹೊಗೆಯೊಡನೆ ಹೊರಬರುತ್ತದೆ. ಕಪ್ಪತಗುಡ್ಡದ ಮೇಲೆ ಗಾಳಿಯಂತ್ರ ತಿರುಗುವುದನ್ನು ನಾವು ದಿನಾ ಕಾಣುತ್ತೇವೆ, ನಿಜ. ಆದರೂ ರಾತ್ರಿ ದೀಪಕ್ಕೆ ಬರುವ ಕರೆಂಟಿನಲ್ಲಿ 1985ರಿಂದ ನಡೆಯುತ್ತಿರುವ ರಾಯಚೂರಿನ ಶಾಖೋತ್ಪನ್ನ ಕೇಂದ್ರದಂಥ ಕಲ್ಲಿದ್ದಲ ಕೇಂದ್ರಗಳ ಪಾಲೂ ಇದೆ. ಕಡಿಮೆ ಕರೆಂಟ್ ಉಂಡರೆ ಕಡಿಮೆ ಕಲ್ಲಿದ್ದಲು ಸುಡುತ್ತದೆ. ಉರಿಸಿದಾಗ ಸಿಎಫ್‌ಎಲ್ ಉಪಕಾರವನ್ನೇ ಮಾಡಿದೆ. ಬಿಸಾಡುವಾಗ ಆ ಉಪಕಾರವನ್ನು ನಾವು ಕೆಡಿಸಬಾರದು, ಅಷ್ಟೇ.

ಪಾದರಸ ಕಲಿಸಿದ ಎರಡು ಪಾಠ

ಜಪಾನಿನಲ್ಲಿ ಮಿನಮಾಟ ಎಂಬ ಕಡಲ ತಡಿಯ ಊರಿದೆ. ಅಲ್ಲಿಯ ಚಿಸ್ಸೊ ಎಂಬ ರಾಸಾಯನಿಕ ಕಾರ್ಖಾನೆ ಪಾದರಸ ಬೆರೆತ ಹೊಲಸು ನೀರನ್ನು ವರ್ಷಗಟ್ಟಲೆ ಕೊಲ್ಲಿಗೆ ಬಿಟ್ಟಿತು. ನೀರಿನಲ್ಲಿದ್ದ ಮಿಥೈಲ್ ಪಾದರಸ ಮೀನಿನ ಮೈ ಸೇರಿತು. ಮೀನು ತಿಂದ ಬೆಕ್ಕುಗಳಿಗೆ ಹುಚ್ಚು ಹಿಡಿದಂತಾಗಿ ಗಿರಗಿರನೆ ತಿರುಗಿ ಬಿದ್ದು ಸತ್ತವು. ಜನರಿಗೂ ಕೈಕಾಲು ನಡುಕ, ಕಣ್ಣು ಮಂಜು, ಮಾತು ತೊದಲುವುದು ಆರಂಭವಾಯಿತು. 1956ರಲ್ಲಿ ಈ ರೋಗ ಅಧಿಕೃತವಾಗಿ ಬೆಳಕಿಗೆ ಬಂತು. ಕಾರ್ಖಾನೆ ಆ ವಿಷ ಬಿಡುವುದನ್ನು ನಿಲ್ಲಿಸಿದ್ದು 1968ರಲ್ಲಿ. ಪಶುವೈದ್ಯನಾಗಿ ನನಗೆ ಇದರಲ್ಲಿ ಒಂದು ಪಾಠ ಕಾಣುತ್ತದೆ. ಮನುಷ್ಯನಿಗೆ ಬರುವ ಆಪತ್ತನ್ನು ಅನೇಕ ಸಲ ಪ್ರಾಣಿಗಳೇ ಮೊದಲು ತೋರಿಸುತ್ತವೆ. ಅವು ಹೇಳಿದ್ದನ್ನು ಕೇಳುವ ವ್ಯವಧಾನ ನಮಗಿರಬೇಕು.

ಎರಡನೆಯದು ಇರಾಕ್ ದೇಶದ್ದು. 1971-72ರಲ್ಲಿ ಅಲ್ಲಿಯ ರೈತರಿಗೆ ಬಿತ್ತಲೆಂದು ಪಾದರಸದ ಔಷಧ ಹಚ್ಚಿದ ಗೋಧಿ ಬೀಜ ಹಂಚಿದರು. ಚೀಲದ ಮೇಲಿನ ಎಚ್ಚರಿಕೆ ಅವರಿಗೆ ತಿಳಿಯದ ಭಾಷೆಯಲ್ಲಿತ್ತು. ಕೆಲವರು ಬಿತ್ತುವ ಬದಲು ಹಿಟ್ಟು ಬೀಸಿ ರೊಟ್ಟಿ ಮಾಡಿ ತಿಂದರು. 6,500ಕ್ಕೂ ಹೆಚ್ಚು ಜನ ಆಸ್ಪತ್ರೆ ಸೇರಿದರು, 459 ಜನ ಅಲ್ಲಿ ಸತ್ತರು. ನಮ್ಮಲ್ಲಿಯೂ ಹಿರಿಯರಿಗೆ ಅಗ್ರೊಸಾನ್, ಸೆರೆಸಾನ್ ಎಂಬ ಬೀಜೋಪಚಾರದ ಪುಡಿಗಳು ನೆನಪಿರಬಹುದು. ಅವು ಪಾದರಸದ ಔಷಧಗಳೇ. ಬಿತ್ತಿ ಉಳಿದ ಬೀಜವನ್ನು ದನಕ್ಕೆ ಹಾಕಬೇಡಿರಿ ಎಂದು ಹೇಳುತ್ತಿದ್ದುದು ಅದಕ್ಕೇ. ಪಾದರಸದ ಔಷಧ ಹೋಗಿ ಬೇರೆ ಔಷಧ ಬಂದರೂ ಆ ಮಾತು ಇಂದಿಗೂ ನಿಜ.

ಬಲ್ಬಿನಲ್ಲಿರುವ ಪಾದರಸ ಮಿನಮಾಟದ, ಇರಾಕಿನ ಪಾದರಸದಂತಹುದಲ್ಲ, ಅಷ್ಟು ತೀಕ್ಷ್ಣವೂ ಅಲ್ಲ. ಆದರೆ ಕೆರೆ, ಬಾವಿಯ ಕೆಸರು ಸೇರಿದರೆ ಅಲ್ಲಿಯ ಸೂಕ್ಷ್ಮಜೀವಿಗಳು ಅದನ್ನು ನಿಧಾನವಾಗಿ ಆ ಕೆಟ್ಟ ರೂಪಕ್ಕೆ ತಿರುಗಿಸಬಲ್ಲವು. ಆಗ ಅದು ಹುಳದಿಂದ ಸಣ್ಣ ಮೀನಿಗೆ, ಸಣ್ಣ ಮೀನಿನಿಂದ ದೊಡ್ಡ ಮೀನಿಗೆ, ಮೀನಿನಿಂದ ಹಕ್ಕಿಗೆ, ಮನುಷ್ಯನಿಗೆ ಏರುತ್ತ ಹೋಗುತ್ತದೆ. ಏರಿದಂತೆಲ್ಲ ಹೆಚ್ಚುತ್ತದೆ.

ಲಕ್ಕುಂಡಿಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ದಾನಚಿಂತಾಮಣಿ ಅತ್ತಿಮಬ್ಬೆ ಬ್ರಹ್ಮ ಜಿನಾಲಯ ಕಟ್ಟಿಸಿದ ಊರಿದು. ನೂರೊಂದು ಗುಡಿ, ನೂರೊಂದು ಬಾವಿ ಎಂದು ಹೆಸರಾದ ಊರು. ಮುಸುಕಿನ ಬಾವಿ, ಕನ್ನೇರ ಬಾವಿ, ಛಬ್ಬೇರ ಬಾವಿಗಳನ್ನು ನೋಡಲು ದೂರದಿಂದ ಜನ ಬರುತ್ತಾರೆ. ಆದರೆ ಎಷ್ಟೋ ಊರುಗಳಲ್ಲಿ ಬಳಸದ ಬಾವಿ ಎಂದರೆ ಕಸದ ಗುಂಡಿ ಎಂಬ ಭಾವನೆ ಬೆಳೆದಿದೆ. ಬಾವಿಗೆ ಹಾಕಿದ್ದು ಅಂತರ್ಜಲಕ್ಕೆ ಹಾಕಿದಂತೆ. ಶಿರಹಟ್ಟಿ ತಾಲ್ಲೂಕಿನ ಮಾಗಡಿ ಕೆರೆಗೆ ಚಳಿಗಾಲದಲ್ಲಿ ಹಿಮಾಲಯದಾಚೆಯಿಂದ ಪಟ್ಟೆತಲೆ ಹೆಬ್ಬಾತುಗಳು ಬರುತ್ತವೆ. 2024ರಲ್ಲಿ ಆ ಕೆರೆಗೆ ರಾಮ್ಸರ್ ತಾಣವೆಂಬ ಅಂತರರಾಷ್ಟ್ರೀಯ ಮನ್ನಣೆ ಸಿಕ್ಕಿತು. ಇಂಥ ನೀರು ನಮ್ಮ ಜಿಲ್ಲೆಯ ಆಸ್ತಿ. ಅದೇ ನೀರನ್ನು ನಮ್ಮ ದನಗಳೂ ಕುಡಿಯುತ್ತವೆ.

ದನದ ಮನೆಯಲ್ಲಿ ಬಲ್ಬು ಒಡೆದರೆ

ಎಮ್ಮೆಯ ಕೋಡು ತಗುಲಿಯೋ, ಕಣಕಿ ಸೂಡು ಎತ್ತುವಾಗ ತಾಕಿಯೋ ಸಿಎಫ್‌ಎಲ್ ಅಥವಾ ಟ್ಯೂಬ್ ಒಡೆಯಿತೆನ್ನಿ. ಆಗ ಹೀಗೆ ಮಾಡಿರಿ:

1. ಮೊದಲು ಸ್ವಿಚ್ ಆರಿಸಿರಿ. ಚಿಕ್ಕ ಮಕ್ಕಳನ್ನು ಹೊರಗೆ ಕಳಿಸಿರಿ. ದನ, ಕರುಗಳನ್ನು ಬಿಚ್ಚಿ ಹೊರಗೆ ಕಟ್ಟಿರಿ. ಕರು, ಕೂಸು ನೆಲಕ್ಕೆ ಹತ್ತಿರ ಇರುವುದರಿಂದ ಅವುಗಳ ಬಗ್ಗೆ ಹೆಚ್ಚು ಎಚ್ಚರ ಬೇಕು.

2. ಬಾಗಿಲು, ಕಿಟಕಿ ತೆರೆದು ಕಾಲು ತಾಸು ಗಾಳಿಯಾಡಲು ಬಿಡಿರಿ. ನಮ್ಮ ಕಡೆಯ ಬೇಸಿಗೆಯ ಸೆಕೆಯಲ್ಲಿ ಪಾದರಸ ಬೇಗ ಆವಿಯಾಗುತ್ತದೆ. ಅದು ಹೊರಗೆ ಹೋಗಲಿ.

3. ಕಸಬರಿಗೆಯಿಂದ ಗುಡಿಸಬೇಡಿರಿ. ಗುಡಿಸಿದರೆ ಪುಡಿ ಎದ್ದು ಎಲ್ಲೆಡೆ ಹರಡುತ್ತದೆ. ಎರಡು ದಪ್ಪ ರಟ್ಟಿನ ತುಂಡುಗಳಿಂದ ಚೂರುಗಳನ್ನು ಬಳಿದು ತೆಗೆಯಿರಿ. ಕೈಗೆ ಪ್ಲಾಸ್ಟಿಕ್ ಚೀಲ ಸುತ್ತಿಕೊಳ್ಳಿರಿ. ಉಳಿದ ಸಣ್ಣ ಪುಡಿಯನ್ನು ಒದ್ದೆ ಬಟ್ಟೆಯಿಂದ ಒರಸಿ ತೆಗೆಯಿರಿ.

4. ಚೂರು ಬಿದ್ದ ಜಾಗದ ಹುಲ್ಲು, ಹೊಟ್ಟು, ಸಗಣಿಯನ್ನು ಪೂರ್ತಿ ಬಳಿದು ತೆಗೆಯಿರಿ. ಮಣ್ಣಿನ ನೆಲವಾಗಿದ್ದರೆ ಮೇಲಿನ ಒಂದು ಪದರ ಮಣ್ಣನ್ನೂ ಕೆರೆದು ತೆಗೆಯಿರಿ.

5. ಗೋದಲಿಯಲ್ಲಿ ಚೂರು ಬಿದ್ದಿದ್ದರೆ ಅದರಲ್ಲಿಯ ಮೇವನ್ನು ಆರಿಸಿ ಹಾಕುವ ಗೋಜಿಗೆ ಹೋಗಬೇಡಿರಿ. ಒಂದು ಬುಟ್ಟಿ ಮೇವು ಹೋದರೆ ಹೋಗಲಿ, ಆಕಳು ಉಳಿಯಲಿ.

6. ಹಾಲಿನ ಪಾತ್ರೆಯಲ್ಲಿ ಗಾಜು ಬಿದ್ದಿದ್ದರೆ ಸೋಸಿ ಸಂಘಕ್ಕೆ ಹಾಕಬೇಡಿರಿ. ಕಣ್ಣಿಗೆ ಕಾಣದ ಗಾಜಿನ ಪುಡಿ ಸೋಸುವ ಬಟ್ಟೆಯನ್ನೂ ದಾಟೀತು. ಆ ಹಾಲು ಇಡೀ ಊರಿನ ಹಾಲಿನೊಂದಿಗೆ ಸೇರಿ ಯಾವುದೋ ಮನೆಯ ಕೂಸಿಗೆ ಹೋಗುತ್ತದೆ. ಆ ಹೊತ್ತಿನ ಹಾಲು ಚೆಲ್ಲಿದ ನಷ್ಟ ನಿಮಗೆ ದೊಡ್ಡದೇ, ನಾನು ಬಲ್ಲೆ. ಆದರೆ ನಂಬಿಕೆ ಚೆಲ್ಲಿದರೆ ತುಂಬಿಕೊಳ್ಳಲು ಬಾರದು.

7. ತೆಗೆದದ್ದನ್ನೆಲ್ಲ ಮುಚ್ಚಳ ಇರುವ ಹಳೆಯ ಡಬ್ಬಿಗೆ ತುಂಬಿ ಬಿಗಿಯಾಗಿ ಮುಚ್ಚಿ ಬೇರೆ ಇಡಿರಿ. ಆಮೇಲೆ ಕೈಕಾಲು ಸಾಬೂನಿನಿಂದ ತೊಳೆಯಿರಿ.

ಇದೆಲ್ಲಕ್ಕಿಂತ ಒಳ್ಳೆಯದು ಒಡೆಯದಂತೆ ನೋಡಿಕೊಳ್ಳುವುದು. ಬಲ್ಬನ್ನು ಗೋದಲಿಯ ನೇರ ಮೇಲೆ, ಕೋಡಿಗೆ ಸಿಗುವ ಎತ್ತರದಲ್ಲಿ ಕಟ್ಟಬೇಡಿರಿ. ಬದಿಯ ಗೋಡೆಗೆ ಹಾಕಿರಿ. ಬದಲಿಸುವಾಗ ಆರಿಸಿ, ತಣ್ಣಗಾದ ಮೇಲೆ, ಗಾಜು ಹಿಡಿದು ತಿರುವದೆ ಕೆಳಗಿನ ಬಿಳಿ ಬುಡ ಹಿಡಿದು ಬಿಚ್ಚಿರಿ.

ಗಾಜು, ತಂತಿ ಮತ್ತು ಆಕಳ ಹೊಟ್ಟೆ

ಇನ್ನು ಪಾದರಸಕ್ಕಿಂತ ಬೇಗ ಆಕಳಿಗೆ ಆಪತ್ತು ತರುವ ಸಂಗತಿ ಹೇಳುತ್ತೇನೆ. ಆಕಳು, ಎಮ್ಮೆ ಮೇಯುವಾಗ ಆರಿಸಿ ತಿನ್ನುವುದಿಲ್ಲ. ನಾಲಿಗೆ ಚಾಚಿ ಸೆಳೆದುಕೊಂಡು ಗಬಗಬನೆ ನುಂಗಿ, ಮೆಲುಕು ಆಮೇಲೆ ಹಾಕುತ್ತವೆ. ಹೊಟ್ಟಿನಲ್ಲಿ ಬೆರೆತ ತಂತಿ, ಮೊಳೆ, ಗಾಜು ಅವುಗಳಿಗೆ ಗೊತ್ತಾಗುವುದೇ ಇಲ್ಲ. ಸಿಎಫ್‌ಎಲ್ ಬುಡವನ್ನು ಒಡೆದು ನೋಡಿದರೆ ಒಳಗೆ ಸಣ್ಣ ಸರ್ಕ್ಯೂಟು, ಚೂಪಾದ ತಂತಿಯ ತುಂಡುಗಳು ಇರುತ್ತವೆ. ಎಲ್‌ಇಡಿಯ ಬುಡದಲ್ಲಿಯೂ ಇರುತ್ತವೆ.

ನುಂಗಿದ ತಂತಿ ಜೇನುಗೂಡಿನಂತಿರುವ ಎರಡನೆಯ ಹೊಟ್ಟೆಗೆ ಹೋಗಿ ಕೂರುತ್ತದೆ. ಹೃದಯ ಅದರ ಮುಂದೆಯೇ ಇದೆ. ಹೊಟ್ಟೆ ಹಿಂಡಿದಾಗ ತಂತಿ ಗೋಡೆ ತೂರಿ ಹೃದಯದ ಚೀಲದವರೆಗೂ ಹೋಗಬಲ್ಲದು. ಹಾಲು ಒಮ್ಮೆಲೇ ಇಳಿಯುವುದು, ಮೇವು ಬಿಡುವುದು, ಬೆನ್ನು ಕಮಾನಿನಂತೆ ಬಾಗಿಸಿ ಮೊಣಕೈ ಅಗಲಿಸಿ ನಿಲ್ಲುವುದು, ಇಳಿಜಾರಿನಲ್ಲಿ ನಡೆಯುವಾಗ ನರಳುವುದು ಇದರ ಲಕ್ಷಣ. ಇವು ಕಂಡರೆ ಅಜೀರ್ಣವೆಂದು ಮನೆಮದ್ದು ಮಾಡುತ್ತ ದಿನ ಕಳೆಯದೆ ತಕ್ಷಣ ಪಶುವೈದ್ಯರನ್ನು ಕರೆಯಿರಿ. ಹೊಟ್ಟೆಯಲ್ಲಿ ಬಿಟ್ಟ ಅಯಸ್ಕಾಂತ ಕಬ್ಬಿಣವನ್ನು ಹಿಡಿದೀತು. ಗಾಜು, ತಾಮ್ರವನ್ನು ಹಿಡಿಯಲಾರದು.

ಕರೆಂಟ್ ಹೋದಾಗ ಬೇಕೆಂದು ಇಟ್ಟ ಹಳೆಯ ಎಮರ್ಜೆನ್ಸಿ ದೀಪ, ಸೋಲಾರ್ ದೀಪಗಳಲ್ಲಿ ಸೀಸದ ಬ್ಯಾಟರಿ ಇರಬಹುದು. ಟ್ರ್ಯಾಕ್ಟರಿನ ಬ್ಯಾಟರಿಯೂ ಸೀಸದ್ದೇ. ಒಡೆದ ಬ್ಯಾಟರಿಯನ್ನು ದನ ನೆಕ್ಕುತ್ತದೆ. ಕರುಗಳಂತೂ ಬಿಡುವುದೇ ಇಲ್ಲ. ಸೀಸ ಸೇರಿದ ಕರುವಿಗೆ ಕಣ್ಣು ಕಾಣದಂತಾಗುತ್ತದೆ, ಗೋಡೆಗೆ ತಲೆ ಒತ್ತುತ್ತದೆ, ಹಲ್ಲು ಕಡಿಯುತ್ತದೆ, ಸೆಟೆದು ಬೀಳುತ್ತದೆ. ಕೆಲವೊಮ್ಮೆ ಲಕ್ಷಣ ತೋರುವ ಮೊದಲೇ ಸಾಯುತ್ತದೆ. ಹೈನಿನ ದನ ನೆಕ್ಕಿದರೆ ಸೀಸ ಹಾಲಿಗೂ ಇಳಿಯುತ್ತದೆ. ಒಂದು ಬಲ್ಬಿನ ಪಾದರಸಕ್ಕಿಂತ ಒಂದು ಒಡೆದ ಬ್ಯಾಟರಿ ದನಕ್ಕೆ ಬಹುಪಾಲು ಹೆಚ್ಚು ಅಪಾಯಕಾರಿ ಎಂಬುದನ್ನು ಮರೆಯಬೇಡಿರಿ. ಹಳೆಯ ಬ್ಯಾಟರಿಯನ್ನು ಕೊಂಡ ಅಂಗಡಿಗೇ ಮರಳಿ ಕೊಡಿರಿ.

ಥರ್ಮಾಮೀಟರಿನ ಮಾತು

ಜ್ವರ ನೋಡುವ ಹಳೆಯ ಗಾಜಿನ ಥರ್ಮಾಮೀಟರ್ ಕೆಲವರ ಮನೆಯಲ್ಲಿದೆ. ಅದರೊಳಗೆ ಬೆಳ್ಳಿಯಂತೆ ಹೊಳೆಯುವುದು ಪಾದರಸವೇ. ಅದರಲ್ಲಿ ಹೆಚ್ಚುಕಡಿಮೆ ಒಂದು ಗ್ರಾಂ ಇರುತ್ತದೆ. ಅಂದರೆ ಇನ್ನೂರಕ್ಕೂ ಹೆಚ್ಚು ಸಿಎಫ್‌ಎಲ್‌ಗಳಲ್ಲಿರುವಷ್ಟು! ಅದು ಒಡೆದಾಗ ಗುಂಡು ಗುಂಡಾಗಿ ಓಡುವ ಹನಿಗಳನ್ನು ಮಕ್ಕಳು ಆಟಕ್ಕೆ ತೆಗೆದುಕೊಳ್ಳುತ್ತಾರೆ. ಕೊಡಬೇಡಿರಿ. ಚಿನ್ನದ ಉಂಗುರ, ಬಳೆ ಇದ್ದ ಕೈಯಿಂದ ಮುಟ್ಟಿದರೆ ಪಾದರಸ ಚಿನ್ನಕ್ಕೆ ಹತ್ತಿ ಅದನ್ನು ಬೆಳ್ಳಗೆ ಮಾಡಿ ಕೆಡಿಸುತ್ತದೆ. ಈಗ ಡಿಜಿಟಲ್ ಥರ್ಮಾಮೀಟರ್ ಕಡಿಮೆ ಬೆಲೆಗೆ ಸಿಗುತ್ತದೆ. ಅದನ್ನೇ ತನ್ನಿರಿ.

ಎಲ್‌ಇಡಿ ತಂದರೆ ಸಾಕೇ?

ಎಲ್‌ಇಡಿಯೇ ಈಗ ತರಬೇಕಾದ ಬಲ್ಬು. ಆದರೆ ಸಂತೆಯಲ್ಲಿ ಗುಡ್ಡೆ ಹಾಕಿ ಮಾರುವ ಹೆಸರಿಲ್ಲದ ಅಗ್ಗದ ಬಲ್ಬು ಬೇಡ. ಪೆಟ್ಟಿಗೆಯ ಮೇಲೆ ಭಾರತೀಯ ಮಾನಕ ಸಂಸ್ಥೆಯ ಗುರುತು, ನೋಂದಣಿ ಸಂಖ್ಯೆ, ಕಂಪನಿಯ ವಿಳಾಸ ನೋಡಿ ಕೊಳ್ಳಿರಿ. ಅಂಗಡಿಯವರಿಂದ ಬಿಲ್ಲು ಪಡೆಯಿರಿ.

ದನದ ಮನೆ ಒದ್ದೆಯ ಜಾಗ. ಗಂಜಲದ ಆವಿಗೆ ತಾಮ್ರ, ಹಿತ್ತಾಳೆ ಬೇಗ ಕೆಡುತ್ತವೆ. ಹೋಲ್ಡರು ಸಡಿಲಾಗುತ್ತದೆ, ಇಲಿ ವೈರು ಕಡಿಯುತ್ತದೆ. ನಮಗಿಂತ ದನಕ್ಕೆ ಕರೆಂಟಿನ ಪೆಟ್ಟು ಬೇಗ ತಗುಲುತ್ತದೆ. ಅದು ಬರಿಗಾಲಿನಲ್ಲಿ, ನಾಲ್ಕು ಕಾಲೂರಿ ಒದ್ದೆ ನೆಲದ ಮೇಲೆ ನಿಂತಿರುತ್ತದೆ. ಚಪ್ಪಲಿ ಮೆಟ್ಟಿದ ನಮಗೆ ತಿಳಿಯದ ಒಂದೆರಡು ವೋಲ್ಟಿನ ಸೋರಿಕೆಯೂ ಅದಕ್ಕೆ ಗೊತ್ತಾಗುತ್ತದೆ. ಆಕಳು ಕಬ್ಬಿಣದ ತೊಟ್ಟಿಯಲ್ಲಿ ನೀರು ಕುಡಿಯಲು ಹಿಂಜರಿಯುವುದು, ಕರೆಯುವಾಗ ಒದೆಯುವುದು, ಸೊರ ಬಿಡದಿರುವುದು ಇವೆಲ್ಲ ರೋಗವಲ್ಲದೆ ಕರೆಂಟ್ ಸೋರಿಕೆಯ ಗುರುತೂ ಆಗಿರಬಹುದು. ಅರ್ಥಿಂಗ್ ಮಾಡಿಸಿರಿ. ಸೋರಿಕೆಯಾದೊಡನೆ ಕರೆಂಟ್ ಕಡಿಯುವ ಸ್ವಿಚ್ಚನ್ನು ಲೈಸೆನ್ಸ್ ಇರುವ ಕೆಲಸಗಾರರಿಂದ ಹಾಕಿಸಿರಿ. ಮಳೆಗಾಲದಲ್ಲಿ ವಿದ್ಯುತ್ ಕಂಬಕ್ಕೆ, ಅದರ ಎಳೆತಂತಿಗೆ ದನ ಕಟ್ಟಲೇಬೇಡಿರಿ.

ಇನ್ನು ಕೆಲವರ ಸಂಶಯಗಳು. ಬಿಳಿ ಬಲ್ಬಿನಿಂದ ಹಾಲು ಕಡಿಮೆಯಾಗುತ್ತದೆಯೇ? ಇಲ್ಲ. ಯಾವ ಬಗೆಯ ಬಲ್ಬು ಎಂಬುದರಿಂದ ಹಾಲು ಏರುವುದಿಲ್ಲ, ಇಳಿಯುವುದಿಲ್ಲ. ಆದರೆ ರಾತ್ರಿಯಿಡೀ ದೀಪ ಉರಿಸಬೇಡಿರಿ. ದನಕ್ಕೆ ದಿನದಲ್ಲಿ ಆರರಿಂದ ಎಂಟು ತಾಸು ಕತ್ತಲು ಬೇಕು. ಸಿಎಫ್‌ಎಲ್ ಕಿರಣ ಕಣ್ಣು, ಚರ್ಮಕ್ಕೆ ಕೆಟ್ಟದ್ದೇ? ಬ್ರಿಟನ್ನಿನ ಆರೋಗ್ಯ ರಕ್ಷಣಾ ಸಂಸ್ಥೆ 2008ರಲ್ಲಿ ಇದನ್ನು ಪರಿಶೀಲಿಸಿ, ಹೊರಕವಚವಿಲ್ಲದ ಸಿಎಫ್‌ಎಲ್‌ಗೆ ಒಂದು ಅಡಿಗಿಂತ ಹತ್ತಿರ ದಿನಕ್ಕೆ ಒಂದು ತಾಸಿಗಿಂತ ಹೆಚ್ಚು ಕೂಡಬಾರದು ಎಂದಿತು. ಮಾಡಿಗೆ ಕಟ್ಟಿದ ದೀಪಕ್ಕೆ ಈ ಚಿಂತೆ ಇಲ್ಲ. ದೀಪವನ್ನು ಪುಸ್ತಕದ ಪಕ್ಕಕ್ಕೇ ಇಟ್ಟುಕೊಂಡು ಓದುವ ಮಕ್ಕಳಿಗೆ ಹೇಳಿರಿ.

ಹಾಗಾದರೆ ಎಲ್ಲಿ ಕೊಡಬೇಕು?

ತಿಪ್ಪೆಗೆ ಬೇಡ ಎಂದರೆ ಎಲ್ಲಿಗೆ ಎಂದು ತಾವು ಕೇಳಬೇಕು. ತಿಪ್ಪೆ ನಮ್ಮ ಹೊಲದ ಅನ್ನ. ಅದಕ್ಕೆ ಹಾಕಿದ ಗಾಜು ಗೊಬ್ಬರದೊಡನೆ ಹೊಲಕ್ಕೆ ಹೋಗಿ ಎತ್ತಿನ ಗೊರಸಿಗೆ, ಕಳೆ ತೆಗೆಯುವ ಹೆಣ್ಣುಮಕ್ಕಳ ಅಂಗಾಲಿಗೆ ಚುಚ್ಚುತ್ತದೆ. ಗೋಬರ್ ಗ್ಯಾಸ್ ಗುಂಡಿಗೂ ಬೇಡ, ಕಸಕ್ಕೆ ಬೆಂಕಿ ಹಚ್ಚುವಲ್ಲಿಯೂ ಬೇಡ, ಬಾವಿ, ಹಳ್ಳಕ್ಕಂತೂ ಬೇಡವೇ ಬೇಡ.

ಕಾನೂನೂ ಇದೇ ಮಾತು ಹೇಳುತ್ತದೆ. 2016ರ ಘನತ್ಯಾಜ್ಯ ನಿಯಮಗಳು ಸಿಎಫ್‌ಎಲ್, ಟ್ಯೂಬ್‌ಲೈಟ್, ಒಡೆದ ಪಾದರಸದ ಥರ್ಮಾಮೀಟರ್, ಹಳೆಯ ಬ್ಯಾಟರಿ, ಕೀಟನಾಶಕದ ಡಬ್ಬಿ, ಬಳಸಿದ ಸೂಜಿಗಳನ್ನು 'ಮನೆಯ ಅಪಾಯಕಾರಿ ಕಸ' ಎಂದು ಬೇರೆ ಹೆಸರಿಸಿದವು. ಅದೇ ವರ್ಷದ ಇ-ತ್ಯಾಜ್ಯ ನಿಯಮಗಳು ಪಾದರಸದ ದೀಪಗಳನ್ನೂ ಒಳಗೆ ತೆಗೆದುಕೊಂಡವು. 2023ರ ಏಪ್ರಿಲ್ 1ರಿಂದ ಜಾರಿಗೆ ಬಂದ ಹೊಸ ನಿಯಮಗಳಲ್ಲಿಯೂ ಅವು ಇವೆ. ತಯಾರಿಸಿದ ಕಂಪನಿಗಳೇ ಹಳೆಯ ಮಾಲಿನ ಮರುಬಳಕೆಯ ಹೊಣೆ ಹೊರಬೇಕೆಂಬುದು ಅದರ ತಿರುಳು. ಮಿನಮಾಟದ ಹೆಸರಿನಲ್ಲಿಯೇ 2013ರಲ್ಲಿ ಒಂದು ಅಂತರರಾಷ್ಟ್ರೀಯ ಒಪ್ಪಂದವಾಯಿತು. ಭಾರತ ಅದಕ್ಕೆ 2014ರಲ್ಲಿ ಸಹಿ ಹಾಕಿ 2018ರಲ್ಲಿ ಅನುಮೋದಿಸಿತು. ಮನೆಬಳಕೆಯ ಸಿಎಫ್‌ಎಲ್ ತಯಾರಿಕೆಗೆ 2025ರ ಗಡಿಯನ್ನು ಆ ಒಪ್ಪಂದದ ದೇಶಗಳು 2022ರಲ್ಲಿ ಹಾಕಿದವು. ಟ್ಯೂಬ್‌ಲೈಟಿಗೆ 2027ರ ಗಡಿಯನ್ನು 2023ರಲ್ಲಿ ಹಾಕಿದವು. ಹೊಸದು ಬರುವುದು ನಿಂತರೂ ಹಳೆಯದು ನಮ್ಮ ಮನೆಯಲ್ಲಿಯೇ ಇದೆ.

ಕಾನೂನು ಪುಸ್ತಕದಲ್ಲಿದ್ದರೆ ಬಲ್ಬು ತಾನಾಗಿ ನಡೆದು ಹೋಗುವುದಿಲ್ಲ. ಒಬ್ಬೊಬ್ಬರೇ ಒಂದು ಬಲ್ಬು ಹಿಡಿದು ಗದಗಿಗೆ ಹೋಗಿರೆಂದರೆ ಯಾರೂ ಹೋಗುವುದಿಲ್ಲ, ಅದೂ ನನಗೆ ಗೊತ್ತು. ಆದರೆ ಒಬ್ಬರಿಂದ ಆಗದ್ದನ್ನು ಕೂಡಿ ಮಾಡಲಿಕ್ಕೇ ನಮ್ಮ ಸಹಕಾರ ಸಂಘ ಇರುವುದು. ಎರಡು ಲೀಟರ್ ಹಾಲು ಹಿಡಿದು ಒಬ್ಬ ರೈತ ಪೇಟೆಗೆ ಹೋದರೆ ಏನು ಗಿಟ್ಟೀತು? ಊರಿನ ಹಾಲೆಲ್ಲ ಒಂದೆಡೆ ಕೂಡಿದ್ದಕ್ಕೇ ಲಾರಿ ಬಾಗಿಲಿಗೆ ಬಂತು. ಹಳೆಯ ಬಲ್ಬಿಗೂ ಅದೇ ದಾರಿ.

ನನ್ನ ಸೂಚನೆ ಇಷ್ಟು. ಸುಟ್ಟ ಸಿಎಫ್‌ಎಲ್, ಟ್ಯೂಬುಗಳನ್ನು ಒಡೆಯದೆ ಹಳೆಯ ಪತ್ರಿಕೆಯಲ್ಲಿ ಸುತ್ತಿ, ಮಕ್ಕಳ, ದನದ ಕೈಬಾಯಿಗೆ ಸಿಗದಲ್ಲಿ ಇಡಿರಿ. ಸಂಘದವರು ಗ್ರಾಮ ಪಂಚಾಯತಿಯವರೊಡನೆ ಮಾತನಾಡಿ ಮೂರು ತಿಂಗಳಿಗೊಮ್ಮೆ ಒಂದು ದಿನ ಗೊತ್ತುಮಾಡಲಿ. ಆ ದಿನ ಪಂಚಾಯತಿಯ ಕಸ ವಿಂಗಡಣೆ ಘಟಕಕ್ಕೆ ಎಲ್ಲರೂ ತಂದು ಒಪ್ಪಿಸೋಣ. ಅಲ್ಲಿಂದ ಅಧಿಕೃತ ಮರುಬಳಕೆದಾರರಿಗೆ ಕಳಿಸುವಂತೆ ಪಂಚಾಯತಿಯನ್ನು ಬರಹದಲ್ಲಿಯೇ ಕೇಳೋಣ. ಹಾಲು ಅಳೆಯುವ ಕೋಣೆಯಲ್ಲಿ ಮಾತ್ರ ಇವನ್ನು ಕೂಡಿಡಬೇಡಿರಿ. ಮತ್ತೊಂದು ಮಾತು, ಗುಜರಿಯವರಿಗೆ ಕೊಡಬೇಡಿರಿ. 'ನಮಗ್ಯಾಕ್ರಿ, ಅವ್ರು ಒಯ್ದ್ರ ಆಯ್ತು' ಎನ್ನುವುದು ಸುಲಭ. ಅವರು ಹಿತ್ತಾಳೆ, ತಾಮ್ರಕ್ಕಾಗಿ ಅದನ್ನು ತಮ್ಮ ಮನೆಯ ಮುಂದೆಯೇ ಒಡೆಯುತ್ತಾರೆ. ಅವರ ಮಕ್ಕಳೂ ಮಕ್ಕಳೇ.

ಸಂಘದ ಮಹಿಳಾ ಸದಸ್ಯರಲ್ಲಿ ನನ್ನದೊಂದು ವಿಶೇಷ ವಿನಂತಿ. ದನದ ಮನೆ ಬಳಿಯುವವರು, ಹಾಲು ಕರೆಯುವವರು, ಮಕ್ಕಳನ್ನು ನೋಡಿಕೊಳ್ಳುವವರು ಬಹುಮಟ್ಟಿಗೆ ತಾವೇ. ಬಲ್ಬು ಒಡೆದಾಗ ಮೊದಲು ಅಲ್ಲಿರುವವರೂ ತಾವೇ. ಸ್ವಿಚ್ ಆರಿಸು, ಬಾಗಿಲು ತೆರೆ, ಗುಡಿಸಬೇಡ, ಡಬ್ಬಿಯಲ್ಲಿ ಮುಚ್ಚು ಎಂಬ ಈ ನಾಲ್ಕು ಮಾತನ್ನು ಮನೆಯ ಎಲ್ಲರಿಗೂ ಕಲಿಸಿರಿ.

ನಾಳೆ ಮುಂಜಾನೆ ಹಾಲು ಕರೆಯಲು ಹೋದಾಗ ಒಮ್ಮೆ ತಲೆಯೆತ್ತಿ ಮೇಲೆ ನೋಡಿರಿ, ಒಮ್ಮೆ ಹೊಟ್ಟಿನ ಚೀಲದ ಹಿಂದೆ ನೋಡಿರಿ. ಅಲ್ಲಿ ಎಷ್ಟು ಹಳೆಯ ಬಲ್ಬುಗಳಿವೆ ಎಂದು ಎಣಿಸಿ ಕಾರ್ಯದರ್ಶಿಗಳಿಗೆ ತಿಳಿಸಿರಿ. ಲೆಕ್ಕ ಕೈಯಲ್ಲಿದ್ದರೆ ಪಂಚಾಯತಿಯವರೊಡನೆ ಮಾತನಾಡುವುದು ಸುಲಭವಾಗುತ್ತದೆ. ಸಂಶಯವಿದ್ದವರು ಈಗಲೇ ಕೇಳಬಹುದು, ಸಭೆ ಮುಗಿದ ಮೇಲೂ ಕೇಳಬಹುದು.